ಸೊಸೆಯ ಜಾಗ

"ಸತ್ತವನ ಸರ್ವಿಸ್ಸು ಸತ್ತವನ ಜೊತೇಲೇ ಹೋಯ್ತು ಕಣೇ ಮುದುಕಿ. ಹೆಂಡ್ತಿ ಹೆಸ್ರಿಗೆ ಬರ್ಕೊಡೋಕೆ ಅದೇನು ನಿಮ್ಮಪ್ಪನ ಆಸ್ತೀನಾ?"

ಸಿಬ್ಬಂದಿ ವಿಭಾಗದ ಸಾಹೇಬ ಇಷ್ಟು ಹೇಳಿ ಕುರ್ಚಿಗೆ ಒರಗಿದ. ಮೇಜಿನ ಈಚೆ ಹದ್ದಮ್ಮ ನಿಂತೇ ಇದ್ದಳು. ಬಾಟಲಿ ಕಾರ್ಖಾನೆಯ ತಪಾಸಣೆ ವಿಭಾಗದಲ್ಲಿ ಗಾಜನ್ನು ದೀಪಕ್ಕೆ ಹಿಡಿದು ಕೂದಲೆಳೆಯಂಥ ಬಿರುಕನ್ನೂ ಪತ್ತೆಹಚ್ಚುತ್ತಿದ್ದಳೆಂದು ಜೊತೆಯ ಹೆಂಗಸರು ಇಟ್ಟ ಹೆಸರು ಅದು. ಈಗ ಆ ಕೆಲಸಕ್ಕೆ ಕ್ಯಾಮೆರಾ ಬಂದು ವಿಭಾಗಕ್ಕೇ ಬೀಗ ಬಿದ್ದಿತ್ತು. ಹದ್ದಮ್ಮ ಹಳಬಳು, ಸುಮ್ಮನೆ ಹೊರಗೆ ಹಾಕುವಂತಿರಲಿಲ್ಲ. ಕಾರ್ಖಾನೆಯಲ್ಲಿ ಸರ್ವಿಸ್ಸಿನ ಲೆಕ್ಕದಲ್ಲಿ ಎಲ್ಲರಿಗಿಂತ ಕಿರಿಯರು ಯಾರೋ ಅವರನ್ನು ಎಬ್ಬಿಸಿ ಆ ಜಾಗದಲ್ಲಿ ನಿಲ್ಲುವ ಹಕ್ಕು ಅವಳಿಗಿತ್ತು. ಎಲ್ಲರಿಗಿಂತ ಕಿರಿಯಳು ಪ್ಯಾಕಿಂಗ್ ವಿಭಾಗದಲ್ಲಿದ್ದಳು. ಹದ್ದಮ್ಮನ ಸೊಸೆ.

ಮಗ ಕುಲುಮೆಯ ಬಾಯಲ್ಲಿ ದುಡಿದು ದುಡಿದು ಒಂದು ಬೇಸಿಗೆಯಲ್ಲಿ ಅಲ್ಲೇ ಕುಸಿದು ಹೋದ ಮೇಲೆ ಅವನ ಹೆಂಡತಿಗೆ ಕೊಟ್ಟ ಕೆಲಸ ಅದು. ಅವನು ಬೆಂದ ವರ್ಷಗಳನ್ನು ಅವಳಿಗೆ ಸೇರಿಸಿದರೆ ಅವಳಿಗಿಂತ ಕಿರಿಯರು ಬೇಕಾದಷ್ಟು ಜನ ಸಿಗುತ್ತಿದ್ದರು. ಅದನ್ನೇ ಬೇಡಲು ಹದ್ದಮ್ಮ ಬಂದಿದ್ದಳು.

"ಹಂಗಾದ್ರೆ ನನ್ನ ತೆಗೀರಿ ಸಾಹೇಬ್ರೇ. ಆ ಹುಡುಗೀನ ಬಿಟ್ಬಿಡಿ."

ಸಾಹೇಬ ನಕ್ಕ. ಕಿಟಕಿಯ ಹತ್ತಿರ ನಿಂತಿದ್ದ ಯೂನಿಯನ್ ಮುಖಂಡನ ಕಡೆ ತಿರುಗಿದ. "ಹೇಳಪ್ಪಾ ನಿಮ್ಮೋಳಿಗೆ. ನಾನು ಹೇಳಿದ್ರೆ ನಾನು ಕೆಟ್ಟೋನು."

"ಅಕ್ಕಾ, ನೀನು ಬೇಡ ಅಂದ್ರೆ ನಿನ್ನ ಹಿಂದಿರೋಳಿಗೆ ಆ ಜಾಗ ಹೋಗುತ್ತೆ. ಅವಳು ಬಿಡ್ತಾಳಾ? ಸೊಸೆ ಹೆಂಗಿದ್ರೂ ಹೋಗ್ತಾಳೆ. ನೀನೂ ಯಾಕೆ ಜೊತೇಲಿ ಹಾಳಾಗ್ತೀಯ?"

ಸರ್ವಿಸ್ಸಿನಲ್ಲಿ ಹಿಂದಿರುವವಳು ಅಂದರೆ ಪಕ್ಕದ ಸ್ಟೂಲಿನ ಗೆಳತಿ. ಒಂದೇ ಡಬ್ಬಿಯಲ್ಲಿ ಕೈಹಾಕಿ ಉಂಡವಳು. ಬೆಳಿಗ್ಗೆ ಹೊರಗೆ ಸಿಕ್ಕಾಗ ಅವಳು ಕಾಲಿನ ಹೆಬ್ಬೆರಳು ನೋಡುತ್ತಾ, "ನೀನು ಬಿಟ್ರೆ ನಾನು ತಗೋತೀನಿ ಕಣೇ. ಬೈಯ್ಕೋಬೇಡ," ಎಂದಿದ್ದಳು.

"ಹಳಬರನ್ನ ಉಳಿಸೋ ಈ ರೂಲು ತರೋಕೆ ಗೇಟ್ ಮುಂದೆ ಧರಣಿ ಕೂತೋಳು ನಾನೂ ಅಲ್ವೇನೋ?" ಹದ್ದಮ್ಮ ಮುಖಂಡನ ಕಡೆ ತಿರುಗಿದಳು. "ಮಗನ್ನ ಮಡ್ಲಲ್ಲಿ ಮಲಗಿಸ್ಕೊಂಡು ಲಾಠಿ ಏಟು ತಿಂದೆ."

"ಅದಕ್ಕೇ ಅಲ್ವಾ ಅಕ್ಕಾ ಇವತ್ತು ನಿನ್ನ ಕೆಲಸ ಉಳೀತಿರೋದು."

"ಇನ್ನೊಂದು," ಎಂದ ಸಾಹೇಬ. "ನೀನು ಹಳಬಳು ಅನ್ನೋದು ಕೆಲಸ ಉಳಿಸ್ಕೊಳ್ಳೋಕೆ ಮಾತ್ರ. ಶಿಫ್ಟಿಗೆ ಆಯಾ ವಿಭಾಗದಲ್ಲಿ ಎಷ್ಟು ದಿನ ಆಯ್ತು ಅನ್ನೋ ಲೆಕ್ಕ. ಪ್ಯಾಕಿಂಗಲ್ಲಿ ನೀನು ಇವತ್ತು ಹುಟ್ಟಿದ ಕೂಸು. ರಾತ್ರಿ ಪಾಳಿ."

ಬೆಳಗಿನ ಪಾಳಿ ಸಿಗುವಷ್ಟರಲ್ಲಿ ಅವಳ ತಲೆ ನರೆತಿತ್ತು. ಅವಳದು ಹಗಲು, ಸೊಸೆಯದು ರಾತ್ರಿ ಎಂದು ಆದಮೇಲೆ ಮೊಮ್ಮಗಳ ಹತ್ತಿರ ಸದಾ ಒಬ್ಬರು ಇರುವಂತಾಗಿತ್ತು. ಮುಖಂಡನನ್ನು ದಿಟ್ಟಿಸಿದಳು.

"ಇದಕ್ಕೂ ಸೈ ಅಂದ್ಯೇನೋ ಹಾಳಾದೋನೇ?"

ಅವನು ಕತ್ತು ಕೆರೆದುಕೊಂಡ.

ಮನೆಗೆ ಬಂದಾಗ ಸೊಸೆ ಮಗುವಿನ ಫ್ರಾಕು ಹಿಂಡುತ್ತಿದ್ದಳು. ಅತ್ತೆ ಹೇಳಿದ್ದೆಲ್ಲ ಕೇಳಿ, ಫ್ರಾಕು ಕೊಡವಿ, ಹಗ್ಗಕ್ಕೆ ಹಾಕಿದಳು.

"ಒಪ್ಕೊಂಡ್ ಬನ್ನಿ ಅತ್ತೆ."

"ನಿನ್ನ ತಳ್ಳಿ ನಿನ್ನ ಜಾಗದಲ್ಲಿ ನಿಲ್ಲು ಅಂತೀಯಾ? ಯಾವ ಮುಖ ಇಟ್ಕೊಂಡು?"

"ಇಬ್ರೂ ಮನೇಲಿ ಕೂತ್ರೆ ಮಗು ಬಾಯಿಗೆ ಏನು ಹಾಕೋದು? ನಿಮ್ಮ ಮುಖಾನಾ?"

ಆಡಿದ ಮಾತಿಗೆ ಅವಳೇ ಬೆಚ್ಚಿದಳು. ಹದ್ದಮ್ಮ ಗೋಡೆಗೆ ಒರಗಿ ಕೂತಳು. ಸಂಜೆ ಎದ್ದು ಹೋಗಿ ಸಾಹೇಬನಿಗೆ ಆಯ್ತು ಅಂದು ಬಂದಳು.

ರಾತ್ರಿ ಪಾಳಿ ಶುರುವಾಗುವ ಮೊದಲು, ಮರುದಿನ ಮಧ್ಯಾಹ್ನ ಸೊಸೆಯೇ ಮಗುವನ್ನು ನೆರೆಮನೆಯಲ್ಲಿ ಬಿಟ್ಟು ಬಂದು ಅತ್ತೆಗೆ ಕೆಲಸ ಕಲಿಸಬೇಕಾಯಿತು. ಕಲಿಸದಿದ್ದರೆ ಬಾಕಿ ಸಂಬಳದ ಬಿಡುಗಡೆ ಪತ್ರ ಇಲ್ಲ ಎಂದು ಸಾಹೇಬನ ಅಪ್ಪಣೆ. ಬೆಲ್ಟಿನ ಮೇಲೆ ಬಾಟಲಿಗಳು ಇನ್ನೂ ಬಿಸಿಯಾಗಿ ಬರುತ್ತಿದ್ದವು.

"ಕುತ್ತಿಗೆ ಹಿಡೀಬೇಡಿ, ಹೊಟ್ಟೆ ಹಿಡೀರಿ. ಎರಡೆರಡು ಎತ್ತಿ. ನೋಡ್ತಾ ನಿಲ್ಬೇಡಿ ಅತ್ತೆ, ಇಲ್ಲಿ ನೋಡೋ ಕೆಲಸ ಇಲ್ಲ."

ಹದ್ದಮ್ಮನ ಕಣ್ಣು ತಾನಾಗಿ ಬಿರುಕು ಹುಡುಕುತ್ತಿತ್ತು. ಅಷ್ಟರಲ್ಲಿ ಹಿಂದಿನ ಬಾಟಲಿಗಳು ಒತ್ತಿಕೊಂಡು ಬಂದು ಒಂದು ಕೆಳಗೆ ಬಿದ್ದು ಚೂರಾಯಿತು.

"ನೋಡ್ರಪ್ಪಾ, ಚುರುಕಾಗಿರೋ ಮುಂಡೇನ ಕಳ್ಸಿ ಕೈ ನಡುಗೋ ಮುಂಡೇನ ಇಟ್ಕೋಬೇಕಂತೆ," ಸೂಪರ್‌ವೈಸರ್ ಎಲ್ಲರಿಗೂ ಕೇಳುವಂತೆ ಕೂಗಿದ. "ನಿಮ್ಮ ಯೂನಿಯನ್ನಿನ ನ್ಯಾಯ!"

ಯಾರೂ ತಲೆ ಎತ್ತಲಿಲ್ಲ. ಸೊಸೆ ಬಗ್ಗಿ ಚೂರು ಆಯ್ದಳು. ಬಿಸಿ ತಾಗದಂತೆ ತಾನು ಕಟ್ಟಿಕೊಂಡಿದ್ದ ಬಟ್ಟೆಪಟ್ಟಿ ಬಿಚ್ಚಿ ಅತ್ತೆಯ ಬೆರಳಿಗೆ ಸುತ್ತಿದಳು. "ಬರ್ತೀನಿ," ಎಂದಷ್ಟೇ ಅಂದು ಹೊರಟಳು.

ಬೆಲ್ಟಿನ ಎದುರಿಗಿದ್ದ ಕೊಳಕು ಕಿಟಕಿಯಿಂದ ಗೇಟು ಕಾಣುತ್ತಿತ್ತು. ಕಾವಲಿನವಳು ಸೊಸೆಯ ಕೈ ಎತ್ತಿಸಿ ಕಂಕುಳು, ಸೊಂಟ ತಡವಿದಳು. ಡಬ್ಬಿ ಬಿಚ್ಚಿಸಿದಳು. ಕೊನೆಗೆ ಸೊಸೆ ತೊಟ್ಟಿದ್ದ ಅಂಗಿಯ ಜೇಬಿನ ಮೇಲೆ ಬೆರಳಿಟ್ಟಳು. ಅಲ್ಲಿ ಕಂಪನಿಯ ಮುದ್ರೆ ಇತ್ತು, ಕೆಲಸ ಹೋದವರು ಕಂಪನಿಯ ಬಟ್ಟೆ ಹೊರಗೆ ಒಯ್ಯುವಂತಿರಲಿಲ್ಲ. ಅದು ಮಗನ ಅಂಗಿ. ಕುಲುಮೆಯ ಕಿಡಿ ಬಿದ್ದು ತೋಳೆಲ್ಲ ತೂತಾದದ್ದು, ಸೊಸೆ ಕೆಲಸಕ್ಕೆ ಬಂದಷ್ಟು ದಿನವೂ ತೊಟ್ಟದ್ದು.

ಕಾವಲಿನವಳು ಬಿಚ್ಚು ಅನ್ನುತ್ತಿದ್ದಳು. ಇಲ್ಲಿಗೆ ಕೇಳಿಸುತ್ತಿರಲಿಲ್ಲ, ಕೈಸನ್ನೆಯಲ್ಲೇ ತಿಳಿಯುತ್ತಿತ್ತು.

ಸೊಸೆ ಬಿಚ್ಚಲಿಲ್ಲ. ಎರಡೂ ಕೈಗಳಿಂದ ಅಂಗಿಯನ್ನು ಎದೆಗೆ ಅವುಚಿಕೊಂಡು ನಿಂತಳು. ಕೋಣೆಯೊಳಗಿಂದ ಇನ್ನಿಬ್ಬರು ಕಾವಲುಗಾರರು ಎದ್ದು ಬಂದರು.

"ಏಯ್ ಮುದುಕಿ! ಕೈ! ಕೈ ಎಲ್ಲಿ?" ಸೂಪರ್‌ವೈಸರ್ ಕೂಗಿದ.

ಹದ್ದಮ್ಮನ ಕಣ್ಣು ಕಿಟಕಿ ಬಿಟ್ಟು ಕದಲಲಿಲ್ಲ. ಕೈ ಎರಡು ಬಾಟಲಿ ಎತ್ತಿತು, ಪೆಟ್ಟಿಗೆಗಿಟ್ಟಿತು. ಮತ್ತೆ ಎರಡು ಎತ್ತಿತು.