ಕೀಲಿ ವೇದಿಕೆಯ ಮೇಲೆ

"ತೆಗಿಯಪ್ಪಾ, ಹನ್ನೆರಡೂವರೆ ಆಯ್ತು. ಒಂದು ಗಂಟೆಗೆ ಅಪ್ಪನ್ನ ಎತ್ತುತಾರೆ," ಎನ್ನುತ್ತಾ ಅವಳು ಸಭಾಂಗಣದ ಬೀಗ ಹಾಕಿದ ಬಾಗಿಲನ್ನು ಒಳಗಿನಿಂದ ಭುಜ ಕೊಟ್ಟು ನೂಕಿದಳು. ಬೆನ್ನ ಹಿಂದೆ ಕಪ್ಪು ಗೌನು ತೊಟ್ಟ ಮಗಳು, ಕೈಯಲ್ಲಿ ಆಗಷ್ಟೇ ಪಡೆದ ಪದವಿಪತ್ರ, ಅತ್ತು ಅತ್ತು ಕೆಂಪಾದ ಮೂಗು.

ಕಾವಲುಗಾರ ತಲೆ ತಗ್ಗಿಸಿದ. "ಕೀಲಿ ನನ್ನ ಹತ್ರ ಇಲ್ಲ ಅಕ್ಕ. ವೇದಿಕೆ ಮೇಲೆ ಕುಲಸಚಿವರ ಜೇಬಲ್ಲಿದೆ. ಮುಖ್ಯ ಅತಿಥಿ ಇಳಿಯೋ ತನಕ ನಾನೂ ಇಲ್ಲಿ ಕೈದಿನೇ. ಈ ರೂಲು ಮಾಡಿದ್ದು ನಿಮ್ಮ ತಂದೆಯೋರೇ ಅಲ್ವಾ?"

ಮೂವತ್ತು ವರ್ಷ ಈ ಬಾಗಿಲು ಕಾದ ಅಪ್ಪ, ಇವತ್ತು ಬೆಳಗಿನ ಜಾವ ಕಣ್ಣು ಮುಚ್ಚುವ ಮುಂಚೆ ಹೇಳಿದ್ದು ಒಂದೇ ಮಾತು: "ಮೊಮ್ಮಗಳು ಡಿಗ್ರಿ ತಗೊಂಡೇ ಬರ್ಲಿ." ಹೆಸರು ಕೂಗಿದ ಕೂಡಲೇ ಓಡಿಬಿಡೋಣ ಎಂದುಕೊಂಡೇ ಅವಳು ಬಂದಿದ್ದಳು. ತಾನು ಓದಿದ ವಿಶ್ವವಿದ್ಯಾಲಯ, ಅಪ್ಪ ಕಾದ ಬಾಗಿಲು. ಯಾರು ತಡೆದಾರು ಎಂಬ ಧೈರ್ಯ. ಈಗ ನೋಡಿದರೆ ಅತಿಥಿಗಳ ಭಾಷಣ ಹನುಮಂತನ ಬಾಲದಂತೆ ಬೆಳೆಯುತ್ತಿತ್ತು.

*

ಇಪ್ಪತ್ತೈದು ವರ್ಷದ ಹಿಂದೆ, ಅವಳ ಘಟಿಕೋತ್ಸವದ ದಿನ, ಅಮ್ಮ ಬಂದದ್ದು ಎರಡು ನಿಮಿಷ ತಡ. ಅಪ್ಪ ಬಾಗಿಲು ತೆಗೆಯಲಿಲ್ಲ. ಅಮ್ಮ ಹೊರಗೆ ನಿಂತು, ಬಾಗಿಲಿಗೆ ಕಿವಿಯಿಟ್ಟು ಮಗಳ ಹೆಸರು ಕೇಳಿಸಿಕೊಂಡಳು. ಆಮೇಲೆ ಮನೆಗೆ ಬಂದವರಿಗೆಲ್ಲ ಅಮ್ಮನದು ಅದೇ ರಾಗ: "ಇವರು ನನ್ನ ಕಟ್ಕೊಂಡಿದ್ದು ಸುಮ್ನೆ. ಸಂಸಾರ ಮಾಡಿದ್ದೆಲ್ಲ ಆ ಬಾಗಿಲ ಜೊತೆ." ಎಲ್ಲರೂ ನಗುತ್ತಿದ್ದರು, ಅಪ್ಪ ಒಬ್ಬರನ್ನು ಬಿಟ್ಟು. ಅವಳಂತೂ ಅಪ್ಪನನ್ನು ಕ್ಷಮಿಸಿರಲೇ ಇಲ್ಲ.

*

"ಕಲ್ಲು ಮನಸ್ಸು. ನಿನಗೂ ಅದನ್ನೇ ಕಲಿಸಿ ಹೋದ್ರು," ಎಂದಳು.

"ಕಲ್ಲಲ್ಲ ಅಕ್ಕ. ಆವತ್ತು ಅಮ್ಮಾವ್ರು ಬಾಗಿಲು ತಟ್ಟಿದಾಗ ನಿಮ್ಮ ತಂದೆಯೋರ ಕೈ ತಾನಾಗೇ ಕೀಲಿಗೆ ಹೋಯ್ತಂತೆ. ತಮ್ಮ ಮೇಲೆ ತಮಗೇ ನಂಬಿಕೆ ಹೋಯ್ತು. ಮಾರನೇ ವರ್ಷದಿಂದ ಕೀಲೀನ ವೇದಿಕೆಗೆ ಕೊಟ್ಟು ಬಂದು ನಿಲ್ಲೋರು." ಕಾವಲುಗಾರ ಟೋಪಿ ತೆಗೆದು ಕಂಕುಳಲ್ಲಿ ಇಟ್ಟುಕೊಂಡ. "ಅವರ ಮಣ್ಣಿಗೆ ನಾನೂ ಬರಬೇಕಿತ್ತು."

ಅವಳಿಗೆ ಅಳು ಒತ್ತರಿಸಿ ಬಂತು. ಇಷ್ಟು ವರ್ಷ ಇದೊಂದು ಮಾತು ಅಪ್ಪ ಯಾಕೆ ಹೇಳಲಿಲ್ಲ ಎಂಬ ಸಿಟ್ಟೂ ಬಂತು. ವೇದಿಕೆಯ ಮೇಲೆ ಅತಿಥಿಗಳು ಮೂರನೆಯ ಸಲ "ಕೊನೆಯದಾಗಿ" ಎಂದರು.

ಗಂಟೆ ಒಂದಾಯಿತು. ಫೋನು ನಡುಗಿತು. ತಮ್ಮ.

"ಎತ್ತಿಬಿಟ್ರೇನೋ?"

"ಎಲ್ಲಿ ಎತ್ತೋದು ಅಕ್ಕ? ಅಮ್ಮ ಹೊಸಿಲಿಗೆ ಅಡ್ಡ ಕುರ್ಚಿ ಹಾಕ್ಕೊಂಡು ಕೂತಿದಾಳೆ. ಚಟ್ಟ ಹೊರೋರು ಒಳಗೆ ಸಿಕ್ಕಾಕ್ಕೊಂಡಿದಾರೆ. ಚಿಕ್ಕಪ್ಪ ಕೈಮುಗಿದ್ರೂ ಏಳ್ತಿಲ್ಲ. ನೀನು ಬರೋ ತನಕ ಒಬ್ರೂ ಹೊರಗೆ ಹೋಗೋ ಹಾಗಿಲ್ವಂತೆ. ಅಪ್ಪಾನೂ ಸೇರಿ."