ಗಿರಣಿಗೆ ಹಾಕಿದ ಮಾತು

ಬೀದಿಯವರು ಅವಳನ್ನು ಗಿರಣಿಯಮ್ಮ ಎಂದು ಕರೆಯುತ್ತಿದ್ದರು. ಹಾಗೆಂದು ಅವಳ ಮನೆಯಲ್ಲಿ ಹಿಟ್ಟಿನ ಗಿರಣಿಯೇನೂ ಇರಲಿಲ್ಲ. ಹಿಂದಿನ ಕೋಣೆಯಲ್ಲಿ ಕಬ್ಬಿಣದ ಚೌಕಟ್ಟಿಗೆ ಸಾಲಾಗಿ ಜೋಡಿಸಿದ ಗ್ರಾಫಿಕ್ಸ್ ಕಾರ್ಡುಗಳಿದ್ದವು. ಅವುಗಳ ಫ್ಯಾನುಗಳೆಲ್ಲ ಒಟ್ಟಿಗೆ ತಿರುಗಿದರೆ ಪಕ್ಕದ ಮನೆಯ ಪಾತ್ರೆಗಳೂ ಗುಂಯ್‌ಗುಡುತ್ತಿದ್ದವು. ಕಂಪ್ಯೂಟರ್ ಆಟಗಳಲ್ಲಿ ಬೊಂಬೆ ಕುಣಿಸಲೆಂದು ಹುಟ್ಟಿದ ಕಾರ್ಡುಗಳನ್ನು ಅವಳು ಬೇರೆ ನೊಗಕ್ಕೆ ಹೂಡಿದ್ದಳು. ನೌಕರರ ಪಾಸ್‌ವರ್ಡುಗಳು ಎಷ್ಟು ಗಟ್ಟಿ ಎಂದು ನೋಡಿ ಹೇಳಲು ಕಂಪನಿಗಳು ಅವಳನ್ನು ಕರೆಸುತ್ತಿದ್ದವು.

ಕೆಲಸವೇನೆಂದು ಕೇಳಿದವರಿಗೆ ಅವಳು ಗಿರಣಿಯ ಲೆಕ್ಕದಲ್ಲೇ ಹೇಳುವಳು. "ಕಂಪ್ಯೂಟರ್ ನಿಮ್ಮ ಪಾಸ್‌ವರ್ಡನ್ನ ಹಾಗೇ ಇಟ್ಕೊಳ್ಳಲ್ಲ. ಬೀಸಿ ಹಿಟ್ಟು ಮಾಡಿ ಇಟ್ಕೊಳ್ಳುತ್ತೆ. ಆ ಹಿಟ್ಟಿಗೆ ಹ್ಯಾಶ್ ಅಂತಾರೆ. ಹಿಟ್ಟಿಂದ ಮತ್ತೆ ಕಾಳು ಮಾಡೋಕಾಗಲ್ಲ. ಆದ್ರೆ ಈ ಕಾಳೇ ಇರಬಹುದಾ, ಆ ಕಾಳೇ ಇರಬಹುದಾ ಅಂತ ಒಂದೊಂದನ್ನೇ ಬೀಸಿ ಹೋಲಿಸಿ ನೋಡಬಹುದಲ್ಲ? ಒಂದು ಕೈಲಿ ಬೀಸಿದ್ರೆ ಈ ಜನ್ಮ ಸಾಲದು. ಈ ಕಾರ್ಡುಗಳು ಸಾವಿರಾರು ಕೈಲಿ ಒಟ್ಟಿಗೇ ಬೀಸ್ತವೆ."

ಆ ಕೋಣೆಯ ಬಿಸಿಗಾಳಿಗೆ ಅವಳ ಅಪ್ಪ ತಮ್ಮ ಟವೆಲ್ ಒಣಹಾಕುತ್ತಿದ್ದರು. ಮೆಷಿನ್ನಿನ ಜೊತೆ ಅವರಿಗಿದ್ದ ಸಂಬಂಧ ಅಷ್ಟೇ. ಮಗಳ ಜೊತೆಗಿದ್ದದ್ದೂ ಅದಕ್ಕಿಂತ ಬಹಳ ಹೆಚ್ಚಿನದೇನಲ್ಲ.

ಮೊದಲು ಹೀಗಿರಲಿಲ್ಲ. ಪೈಪು ಮಾರುವ ಕಂಪನಿಯೊಂದರಲ್ಲಿ ಅಪ್ಪ ಗೋಡೌನ್ ನೋಡಿಕೊಳ್ಳುತ್ತಿದ್ದರು, ಮಗಳು ಅಲ್ಲೇ ಕಂಪ್ಯೂಟರುಗಳನ್ನು ನೋಡಿಕೊಳ್ಳುತ್ತಿದ್ದಳು. ಅಪ್ಪನ ಸೊಂಟದಲ್ಲಿ ಬೀಗದಕೈಗಳ ಗೊಂಚಲು, ನಡೆದರೆ ಜಣಜಣ. ಅಮ್ಮ ಆಸ್ಪತ್ರೆ ಸೇರಿದ ವಾರ ಕಂಪನಿಯ ದರಪಟ್ಟಿ ಎದುರಾಳಿ ಕಂಪನಿಯ ಕೈಸೇರಿತು. ಕಳಿಸಿದ್ದು ಮಗಳ ಖಾತೆಯಿಂದ. ಮ್ಯಾನೇಜರ್ ಎಲ್ಲರನ್ನೂ ಗೋಡೌನಿನ ಅಂಗಳಕ್ಕೆ ಕರೆಸಿ, ಅವಳನ್ನು ಅಲ್ಲೇ ಕೆಲಸದಿಂದ ತೆಗೆದ. ಅಷ್ಟಕ್ಕೇ ಬಿಡಲಿಲ್ಲ. "ಕಳ್ಳಿಯ ಅಪ್ಪನ ಕೈಲಿ ಬೀಗ ಯಾಕೆ?" ಎಂದು ಮುದುಕನ ಸೊಂಟದಿಂದ ಗೊಂಚಲನ್ನು ತಾನೇ ಬಿಚ್ಚಿಕೊಂಡ. ಅವಳು ಏನೋ ಹೇಳಲು ಬಾಯಿ ತೆರೆದಾಗ ತನ್ನ ಎಂದಿನ ಮಾತು ಎಸೆದ: "ಕತ್ತೆಗೇನು ಗೊತ್ತು..."

ಅವನು ಆ ಗಾದೆಯನ್ನು ಎಂದೂ ಪೂರ್ತಿ ಹೇಳುತ್ತಿರಲಿಲ್ಲ. ಕಸ್ತೂರಿ ತಾನು, ಕತ್ತೆ ಎದುರಿಗಿರುವವರು, ಮಿಕ್ಕದ್ದನ್ನು ಅವರೇ ಮನಸ್ಸಿನಲ್ಲಿ ಹೇಳಿಕೊಳ್ಳಲಿ ಎಂಬ ಧಿಮಾಕು.

ಅಮ್ಮ ಆಸ್ಪತ್ರೆಯಿಂದ ಮನೆಗೆ ಬರಲೇ ಇಲ್ಲ. ಅಪ್ಪ ಮಗಳನ್ನು ಬೈಯಲಿಲ್ಲ, ಏನೂ ಕೇಳಲಿಲ್ಲ. ಮನೆಯ ಬೀರುವಿನ ಬೀಗದಕೈಯನ್ನು ಮಾತ್ರ ಅಂದಿನಿಂದ ಅಂಗಿಯ ಜೇಬಿನಲ್ಲಿಟ್ಟುಕೊಳ್ಳತೊಡಗಿದರು. ಸ್ನಾನಕ್ಕೆ ಹೋದರೆ ಸೋಪಿನ ಡಬ್ಬಿಯೊಳಗೆ ಹಾಕಿ ಜೊತೆಗೇ ಒಯ್ಯುವರು. ಸೋಪಿನ ನೊರೆ ಮೆತ್ತಿದ ಆ ಬೀಗದಕೈಯನ್ನು ಕಂಡಾಗಲೆಲ್ಲ ಗಿರಣಿಯಮ್ಮನಿಗೆ ಅಪ್ಪನ ಸೊಂಟದಿಂದ ಗೊಂಚಲು ಬಿಚ್ಚಿದ ಕೈ ನೆನಪಾಗುತ್ತಿತ್ತು. ಮ್ಯಾನೇಜರನ ಮೇಲೆ ಹಲ್ಲು ಮಸೆಯುತ್ತಲೇ ಅವಳು ಇಷ್ಟು ವರ್ಷ ಉಂಡಳು, ಮಲಗಿದಳು, ಎದ್ದಳು.

ಹೀಗಿರುವಾಗ ಅದೇ ಕಂಪನಿಯಿಂದ ಕರೆ ಬಂತು. ಹಳೇ ಯಜಮಾನರು ತೀರಿಕೊಂಡು, ಅವರ ಸೊಸೆ ಈಗ ಯಜಮಾನಿ. ಪಾಸ್‌ವರ್ಡ್ ಪರೀಕ್ಷೆ ಮಾಡಿಸಬೇಕಂತೆ. ದೇವರೇ ಕಣ್ಣು ಬಿಟ್ಟ ಎಂದು ಬೇರೆಯವರಾಗಿದ್ದರೆ ಕೈಮುಗಿಯುತ್ತಿದ್ದರು. ಇವಳು "ಸಿಕ್ಕಿದೆಯಲ್ಲೋ ಮಗನೇ" ಎಂದಳು.

ಹಳೇ ಕಥೆಯನ್ನು ಅವಳು ಯಜಮಾನಿಯಿಂದ ಮುಚ್ಚಿಡಲಿಲ್ಲ. "ಈ ಮನೆಯ ಬಿಲ ಗೊತ್ತಿರೋರೇ ನನಗೆ ಬೇಕು. ಸುಳ್ಳು ಮಾತ್ರ ಹೇಳಬೇಡಿ" ಎಂದರು ಯಜಮಾನಿ. ಮ್ಯಾನೇಜರ್ ಮಾತ್ರ ಇಂಗು ತಿಂದ ಮಂಗನಂತೆ ಕೂತಿದ್ದ. ಕೊನೆಗೆ ಸಾವರಿಸಿಕೊಂಡು ಒಂದು ಷರತ್ತು ಹಾಕಿದ. "ಇವರು ಯಾರ ಪಾಸ್‌ವರ್ಡ್ ಕಂಡುಹಿಡಿದ್ರೂ ಬಾಯಿ ಬಿಡಬಾರದು. ಖಾತೆ ಯಾರದೋ ಅವರಿಗೆ ಬಿಟ್ಟು ಮೂರನೇ ಕಿವಿಗೆ ಬೀಳಬಾರದು." ಯಜಮಾನಿ ಆಗಲಿ ಎಂದರು. ಗಿರಣಿಯಮ್ಮ ಸಹಿ ಹಾಕಿದಳು.

ಮನೆಗೆ ಬಂದು ಹ್ಯಾಶುಗಳನ್ನು ಗಿರಣಿಗೆ ಸುರಿದಳು. ಮಕ್ಕಳ ಹೆಸರು, ಹುಟ್ಟಿದ ವರ್ಷ, ದೇವರ ಹೆಸರು ಇಟ್ಟುಕೊಂಡವರೆಲ್ಲ ಊಟದ ಹೊತ್ತಿಗೇ ಉದುರಿದರು. ಮ್ಯಾನೇಜರನ ಖಾತೆ ಜಪ್ಪಯ್ಯ ಅಂದರೂ ಜಗ್ಗಲಿಲ್ಲ.

"ಯಾರದು?" ಎಂದರು ಅಪ್ಪ, ಟವೆಲ್ ಹರವುತ್ತ.

"ಅವನದು."

ಅಪ್ಪನ ಕೈ ಜೇಬು ಮುಟ್ಟಿಕೊಂಡಿತು. ಅಭ್ಯಾಸಬಲ. ಅವಳಿಗೆ ಅಷ್ಟು ಸಾಕಾಯಿತು. ಕೂತಳು, ಆ ಮನುಷ್ಯ ತನ್ನೆದುರು ಎಂದಾದರೂ ಆಡಿದ ಮಾತನ್ನೆಲ್ಲ ಇಂಗ್ಲಿಷ್ ಅಕ್ಷರಗಳಲ್ಲಿ ಟೈಪು ಮಾಡಿದಳು. ಅವನ ಬೈಗುಳ, ಅವನ ಜಂಬ, ಫೋನೆತ್ತಿದರೆ ಅನ್ನುತ್ತಿದ್ದ ಮಾತು, ಅವನು ಕೊಂಡಾಡುತ್ತಿದ್ದ ಮೊದಲ ಕಾರಿನ ನಂಬರು. ಪ್ರೀತಿಸಿದವರ ಮಾತು ಮರೆತುಹೋಗುತ್ತದೆ, ಹಾಳಾದ್ದು ದ್ವೇಷಿಸಿದವರ ಮಾತು ಮರೆಯುವುದಿಲ್ಲ. ಮಾತಿಗೆ ಮಾತು, ಮಾತಿಗೆ ನಂಬರು ಕೂಡಿಸಿ ಬೀಸು ಎಂದು ಕಾರ್ಡುಗಳಿಗೆ ಹೇಳಿ ಫ್ಯಾನುಗಳನ್ನು ಜೋರು ಮಾಡಿದಳು.

ಅವನ ಖಾತೆ ಆಗಲೂ ತೆರೆಯಲಿಲ್ಲ. ತೆರೆದದ್ದು ಅವಳದೇ.

ಕೆಲಸದಿಂದ ತೆಗೆದವರ ಖಾತೆಗಳನ್ನು ಆ ಕಂಪನಿಯಲ್ಲಿ ಮುಚ್ಚಿದ್ದರೇ ಹೊರತು ಯಾರೂ ಅಳಿಸಿರಲಿಲ್ಲ. ಅವಳ ಸತ್ತ ಖಾತೆಯೂ ಅಲ್ಲೇ ಬಿದ್ದಿತ್ತು. ಅದರ ಪಾಸ್‌ವರ್ಡು ಎಂದು ಗಿರಣಿ ಉದುರಿಸಿದ್ದು ಆ ಅರ್ಧ ಗಾದೆ, ಬಾಲಕ್ಕೆ ಕಾರಿನ ನಂಬರು. ಅವಳು ತನ್ನ ಜನ್ಮದಲ್ಲಿ ಇಟ್ಟ ಪಾಸ್‌ವರ್ಡಲ್ಲ ಅದು. ಬದಲಾಯಿಸಿದ ತಾರೀಖು ನೋಡಿದಳು: ಅಮ್ಮನನ್ನು ಆಪರೇಷನ್ನಿಗೆ ಒಳಗೆ ಕರೆದೊಯ್ದ ದಿನ. ನೌಕರರ ಪಾಸ್‌ವರ್ಡನ್ನು ಕೇಳದೆಯೇ ಬದಲಾಯಿಸುವ ಅಧಿಕಾರ ಅಲ್ಲಿ ಇದ್ದದ್ದು ಇಬ್ಬರಿಗೆ. ಒಬ್ಬಳು ಅವಳೇ, ಆಸ್ಪತ್ರೆಯ ಬೆಂಚಿನ ಮೇಲಿದ್ದವಳು.

ಅದೇ ಕ್ಷಣ ಪರದೆಯ ಮೇಲೆ ಇನ್ನೊಂದು ಸಾಲೂ ತೆರೆದಿತ್ತು. ಆ ಹಳೇ ವ್ಯವಸ್ಥೆಯಲ್ಲಿ ಒಂದೇ ಕಾಳನ್ನು ಯಾರ ಖಾತೆಯಲ್ಲಿ ಬೀಸಿದರೂ ಒಂದೇ ಹಿಟ್ಟು. ಜನ ಹಿಂದಿನ ಪಾಸ್‌ವರ್ಡನ್ನೇ ಮತ್ತೆ ಇಡದಿರಲೆಂದು ಅದು ಹಳೆಯವುಗಳ ಹ್ಯಾಶನ್ನೂ ಜೋಪಾನ ಮಾಡುತ್ತಿತ್ತು. ಅವಳ ಖಾತೆಯ ಹಿಟ್ಟು ಮ್ಯಾನೇಜರನ ಹಳೆಯ ಹಿಟ್ಟೊಂದಕ್ಕೆ ಅಚ್ಚು ಹೊಯ್ದಂತೆ ಹೊಂದಿತ್ತು. ಅವಸರದ ಕಳ್ಳ ಅವಳ ಬಾಗಿಲಿಗೂ ತನ್ನ ಮನೆಯ ಬೀಗವನ್ನೇ ಹಾಕಿ ಹೋಗಿದ್ದ.

ಅವಳು ನಕ್ಕಳು. ಕೆಟ್ಟದಾಗಿ, ಮನಸಾರೆ ನಕ್ಕಳು.

ವರದಿಯ ದಿನ ಯಜಮಾನಿ, ಮ್ಯಾನೇಜರ್, ಹಳೇ ನೌಕರರು ಮೇಜಿನ ಸುತ್ತ ಕೂತಿದ್ದರು. ಗಿರಣಿಯಮ್ಮ ಎಲ್ಲ ಲೆಕ್ಕ ಒಪ್ಪಿಸಿದಳು, ಯಾರ ಗುಟ್ಟೂ ಬಿಡಲಿಲ್ಲ. ಮ್ಯಾನೇಜರ್ ನಿರಾಳವಾಗಿ ಕುರ್ಚಿಗೆ ಒರಗಿದ.

"ಇನ್ನೊಂದು ಖಾತೆ ಇದೆ," ಎಂದಳು. "ಅದರ ಪಾಸ್‌ವರ್ಡನ್ನ ನಾನು ಇಲ್ಲೇ ಹೇಳ್ತೀನಿ."

"ಷರತ್ತು!" ಎಂದ ಮ್ಯಾನೇಜರ್.

"ಷರತ್ತು ನೆನಪಿದೆ ಸರ್. ಖಾತೆ ನನ್ನದು. ನನ್ನ ಗುಟ್ಟು ನಾನು ಹೇಳ್ಕೋತೀನಿ. ನಮ್ಮಮ್ಮ ಆಪರೇಷನ್ನಿಗೆ ಹೋದ ದಿನ ಇದನ್ನ ಯಾರೋ ಬದಲಾಯಿಸಿದಾರೆ. ಮಾರನೇ ದಿನ ಇದರಿಂದಲೇ ದರಪಟ್ಟಿ ಹೊರಗೆ ಹೋಗಿದೆ. ಈ ಕೋಣೆಯಲ್ಲಿರೋ ಒಬ್ಬರ ಹಳೇ ಪಾಸ್‌ವರ್ಡೂ ಇದೂ ಒಂದೇ. ಅವರು ಯಾರು ಅಂತ ನಾನು ಹೇಳೋ ಹಾಗಿಲ್ಲ." ಅವಳು ಎಲ್ಲರ ಮುಖ ನೋಡಿ, ನಿಧಾನಕ್ಕೆ ಹೇಳಿದಳು: "ಕತ್ತೆಗೇನು ಗೊತ್ತು."

ಅಲ್ಲಿದ್ದ ಹಳಬರಲ್ಲಿ ಆ ಮಾತು ಬೀಳದ ಕಿವಿಯೇ ಇರಲಿಲ್ಲ. ತಲೆಗಳೆಲ್ಲ ಒಂದೇ ಕಡೆ ತಿರುಗಿದವು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಮ್ಯಾನೇಜರ್ ಎದ್ದು ನಿಂತು ಕೂಗಿದ: "ಆ ಪಾಸ್‌ವರ್ಡ್ ನಾನು ಬಿಟ್ಟು ಎಷ್ಟು ವರ್ಷ ಆಯ್ತು!"

ಯಜಮಾನಿ ಕೈ ಚಾಚಿ, "ನಿಮ್ಮ ಹತ್ರ ಇರೋ ಬೀಗದಕೈಗಳನ್ನೆಲ್ಲ ಇಲ್ಲಿಡಿ" ಎಂದರು. ಅವನು ಒಂದೊಂದಾಗಿ ಮೇಜಿನ ಮೇಲಿಡುವುದನ್ನು ಗಿರಣಿಯಮ್ಮ ಕಣ್ಣು ಮಿಟುಕಿಸದೆ ನೋಡಿದಳು. ಹಬ್ಬದೂಟ ಉಂಡಷ್ಟು ತೃಪ್ತಿಯಾಯಿತು, ಸುಳ್ಳೇಕೆ.

ಮನೆಯಲ್ಲಿ ಅಪ್ಪ ಕೂತು ಎಲ್ಲ ಕೇಳಿದರು. ಮೇಜಿನ ಮೇಲೆ ಬೀಗದಕೈಗಳು ಬಿದ್ದ ಸದ್ದನ್ನೂ ಅವಳು ಬಣ್ಣಿಸಿದಳು. ಅಪ್ಪ ಜೇಬಿನಿಂದ ಬೀರುವಿನ ಬೀಗದಕೈ ತೆಗೆದು ಅವಳ ಮುಂದೆ ಚಾಚಿದರು.

"ನಿಮ್ಮಮ್ಮನ ಬಳೆ ಅದರೊಳಗಿದೆ. ಇನ್ನು ನಿನ್ನ ಹತ್ರಾನೇ ಇರಲಿ."

ಎಷ್ಟು ವರ್ಷ ಕಾದಿದ್ದಳು ಈ ಗಳಿಗೆಗೆ! ಆದರೆ ಅವಳ ಕೈ ಮುಂದೆ ಹೋಗಲಿಲ್ಲ. ಮ್ಯಾನೇಜರನ ಮೇಲೆ ಉರಿದ ಸಿಟ್ಟಿನಲ್ಲಿ ಅರ್ಧ ಈ ಮುದುಕನ ಮೇಲಿನದೆಂದು ಅವಳಿಗೆ ಆಗಲೇ ಗೊತ್ತಾದದ್ದು.

"ಈಗ ನಂಬಿಕೆ ಬಂತಾ ಅಪ್ಪ? ಹೆತ್ತ ಮಗಳ ಮೇಲೆ ಇಲ್ಲದ ನಂಬಿಕೆ ಮೆಷಿನ್ ಮೇಲೆ ಬಂತಾ? ನೀವೇ ಇಟ್ಕೊಳ್ಳಿ. ಕತ್ತೆಗೇನು ಗೊತ್ತು..."

ಮಾತು ಬಾಯಿಂದ ಬಿದ್ದುಹೋಯಿತು. ಅವನ ಧಾಟಿ, ಅವನದೇ ನಿಲುಗಡೆ.

ಅಪ್ಪನಿಗೆ ಸಿಟ್ಟು ಬರಲಿಲ್ಲ. ಚಾಚಿದ ಕೈಯನ್ನು ಮೆಲ್ಲಗೆ ಹಿಂದಕ್ಕೆ ಎಳೆದುಕೊಂಡರು.

"ಅವನೂ ಹೀಗೇ ಅರ್ಧಕ್ಕೆ ನಿಲ್ಲಿಸ್ತಿದ್ದ," ಎಂದು ಹೇಳಿ, ಟವೆಲ್ ಒಣಗಿದೆಯೋ ಇಲ್ಲವೋ ನೋಡಲು ಹಿಂದಿನ ಕೋಣೆಗೆ ಹೋದರು.