ಸಾಲು ಕದಲದಂತೆ

ಲೆಯೊಂತಿನಾ ವರ್ಲಾನ್ ತಾವು ಮುಗಿಸಿದ ಕೆಲಸವನ್ನು ಓದಿ ನೋಡುತ್ತಿರಲಿಲ್ಲ, ಕಿಟಕಿಗೆ ಹಿಡಿಯುತ್ತಿದ್ದರು. ತಿದ್ದುವ ಮೊದಲಿನ ಹಾಳೆಯ ಮೇಲೆ ತಿದ್ದಿದ ಹಾಳೆಯನ್ನಿಟ್ಟು, ಎರಡನ್ನೂ ಗಾಜಿಗೆ ಒತ್ತಿ, ಒಂದು ಕಣ್ಣು ಮುಚ್ಚಿ, ನಮ್ಮ ಬ್ರಯಿಲಾ ಊರಿನ ಬಂದರಿನ ಕಡೆಯಿಂದ ಬರುವ ಬೆಳಕಿಗೆ ಎದುರಾಗಿ ನಿಂತ ಆ ನೀಳಕಾಯದ ಹೆಂಗಸನ್ನು ಬೀದಿಯಿಂದ ಕಂಡವರು ಯಾರೋ ಡಾಕ್ಟರಮ್ಮ ಮುರಿದ ಮೂಳೆಯ ಎಕ್ಸ್‌-ರೇ ನೋಡುತ್ತಿದ್ದಾರೆಂದೇ ಭಾವಿಸಬೇಕು. ಸಾಲಿನ ಮೇಲೆ ಸಾಲು, ಅಂಚಿನ ಮೇಲೆ ಅಂಚು ಕೂತು, ಬದಲಾದ ಪದವೊಂದೇ ಮಬ್ಬಾಗಿ ಕಂಡರೆ, "ಹೂಂ, ಕದಲಿಲ್ಲ" ಎನ್ನುವರು. ಅವರ ನಿಘಂಟಿನಲ್ಲಿ ಅದಕ್ಕಿಂತ ದೊಡ್ಡ ಪ್ರಶಂಸೆಯಿರಲಿಲ್ಲ.

ಅವರ ಅಂಗಡಿಯ ಇನ್ನೊಂದು ಮೂಲೆಯಲ್ಲಿ ನನ್ನ ಅನುವಾದದ ಮೇಜು. ಮುದ್ರಣಕ್ಕೆ ಸಿದ್ಧವಾದ ಪಿಡಿಎಫ್ ಕಡತದೊಳಗೆ ನುಗ್ಗಿ, ಪುಟದ ರೂಪ ಕೆಡದಂತೆ ಪದಗಳನ್ನು ಬದಲಿಸುವುದು ಅವರ ವೃತ್ತಿ. ಮೂಲ ಪ್ರತಿ ಕಳೆದುಹೋದವರು, ವಿನ್ಯಾಸಕಾರನೊಡನೆ ಜಗಳವಾಡಿಕೊಂಡವರು, ಕೊನೆಯ ಗಳಿಗೆಯಲ್ಲಿ ಕಾಗುಣಿತದ ತಪ್ಪು ಕಂಡು ಎದೆ ಹಿಡಿದುಕೊಂಡವರು, ಎಲ್ಲರೂ ಅವರಲ್ಲಿಗೇ ಬರುವರು. ನಶ್ಯದ ಬಣ್ಣದ ಗಂಡಸರ ಕೋಟನ್ನು ಅವರು ಬೇಸಗೆಯಲ್ಲೂ ಕಳಚಿದ್ದನ್ನು ನಾನು ಕಾಣೆ. ನಡೆಯುವಾಗಲೂ ಗೋಡೆಯ ಪಕ್ಕಕ್ಕೇ, ಯಾವುದೋ ಅದೃಶ್ಯ ಅಂಚನ್ನು ದಾಟಬಾರದೆಂಬಂತೆ, ನೇರವಾಗಿ ಸಾಗುವರು.

"ಇದು ಬೆಂದ ಇಟ್ಟಿಗೆ ಕಣಪ್ಪ, ಹಸಿ ಮಣ್ಣಲ್ಲ," ಎಂದು ಒಮ್ಮೆ ನನಗೆ ವಿವರಿಸಿದ್ದರು. "ನಿನ್ನ ಬರವಣಿಗೆಯ ಕಡತದಲ್ಲಿ ಒಂದು ಪದ ಸೇರಿಸಿದ್ರೆ ಉಳಿದವು ಸರಿದು ಜಾಗ ಕೊಡ್ತವೆ. ಇಲ್ಲಿ ಯಾರೂ ಸರಿಯಲ್ಲ. ಪ್ರತಿ ಸಾಲೂ ತಾನೊಬ್ಬನೇ ಲೋಕದಲ್ಲಿರೋದು ಅಂದ್ಕೊಂಡಿರುತ್ತೆ." ಅಕ್ಷರಗಳ ವಿಷಯವಂತೂ ಇನ್ನೂ ವಿಚಿತ್ರ. ಪುಸ್ತಕ ಪಿಡಿಎಫ್ ಆಗುವಾಗ, ಪ್ರಯಾಣಕ್ಕೆ ಹೊರಟ ಬಡವನಂತೆ, ತಾನು ಬಳಸಿದ ಅಕ್ಷರಗಳನ್ನಷ್ಟೇ ಗಂಟು ಕಟ್ಟಿಕೊಂಡು ಹೊರಡುವುದುಂಟು. ಬಳಸದ ಅಕ್ಷರ ನಾಳೆ ಬೇಕಾದರೆ ಅದು ಆ ಗಂಟಿನಲ್ಲಿ ಇರುವುದೇ ಇಲ್ಲ. ಅಂಥ ಅಕ್ಷರವನ್ನು ಇದ್ದ ತುಣುಕುಗಳಿಂದಲೇ ಕೂಡಿಸುವ ದಿನ ಅವರ ಮುಖದಲ್ಲಿ ಹಬ್ಬದ ಕಳೆಯಿರುತ್ತಿತ್ತು.

ಒಮ್ಮೆ ಮದುವೆಯ ಆಹ್ವಾನಪತ್ರ ಹಿಡಿದುಕೊಂಡು ಒಬ್ಬ ತಾಯಿ ಬಂದಳು. ಛತ್ರ ಅದೇ, ದಿನ ಅದೇ, ವಧುವೂ ಅವಳೇ; ವರ ಮಾತ್ರ ಬದಲಾಗಿದ್ದ. ಲೆಯೊಂತಿನಾ ಹುಬ್ಬು ಕೂಡ ಹಾರಿಸದೆ ಕೂತು ಅಕ್ಷರಗಳ ನಡುವಿನ ಅಂತರವನ್ನು ಕೂದಲೆಳೆಯಷ್ಟು ಕೂದಲೆಳೆಯಷ್ಟು ಹಿಗ್ಗಿಸುತ್ತ, "ಹೊಸಬನ ಹೆಸರು ಚಿಕ್ಕದು, ಹಳಬ ಬಿಟ್ಟುಹೋದ ಜಾಗ ದೊಡ್ಡದು," ಎಂದು ಗೊಣಗಿದರು. ಆ ತಾಯಿ ಅಳಬೇಕೆಂದಿದ್ದವಳು ನಕ್ಕುಬಿಟ್ಟಳು.

ಇಂಥವರು ಒಂದು ಸಾಲಿಗಾಗಿ ಊರಿನ ಹಿರಿಯರೊಬ್ಬರನ್ನು ಎದುರು ಹಾಕಿಕೊಂಡ ಪ್ರಸಂಗವನ್ನೇ ನಾನು ಹೇಳಹೊರಟಿದ್ದು.

ನಮ್ಮ ಬಂದರು ಕಾರ್ಮಿಕರ ಹವ್ಯಾಸಿ ನಾಟಕ ಮಂಡಳಿಯ ಚರಿತ್ರೆಯನ್ನು ಅದರ ನಾಯಕ ನಟ ಪಾಂಫಿಲ್ ಬುಜೋರ್ ಬರೆದಿಟ್ಟು ತೀರಿಕೊಂಡಿದ್ದ. ದೀಪ ಹಿಡಿದವರು, ಪರದೆ ಎಳೆದವರು, ಮಧ್ಯಂತರದಲ್ಲಿ ಚಹಾ ಕಾಸಿದವರು, ಎಲ್ಲರ ಹೆಸರೂ ಅದರಲ್ಲಿತ್ತು. ಇಲ್ಲದ್ದು ಒಲಿಂಪಿಯಾ ತ್ಸರಲುಂಗಾಳ ಹೆಸರೊಂದೇ. ಯೌವನದಿಂದ ಮುಪ್ಪಿನವರೆಗೆ ರಂಗದ ಕೆಳಗಿನ ಗೂಡಿನಲ್ಲಿ ಕೂತು ನಟರಿಗೆ ಮರೆತ ಮಾತು ಎತ್ತಿಕೊಟ್ಟವಳು ಆಕೆ. ಬುಜೋರ್ ಒಂದು ಸಂಜೆ ಕುಡಿದು ರಂಗವೇರಿ ಮಾತು ಮರೆತಾಗ, ಆಕೆ ಹಸ್ತಪ್ರತಿ ಮುಚ್ಚಿ ಕೈಕಟ್ಟಿ ಕೂತಳಂತೆ, ಸಭೆ ನಕ್ಕಿತಂತೆ. ಆ ನಗುವನ್ನು ಅವನು ಸಾಯುವವರೆಗೂ ಕ್ಷಮಿಸಲಿಲ್ಲ.

ಮಂಡಳಿಯ ನಿರ್ದೇಶಕ ತಿಬೇರಿಯು ಮೊಕಾನು ಬೆವರೊರೆಸಿಕೊಳ್ಳುತ್ತ ಅಂಗಡಿಗೆ ಬಂದದ್ದು ಪುಸ್ತಕ ಅಚ್ಚಿಗೆ ಹೋಗುವ ವಾರ. ಉಳಿದಿದ್ದದ್ದು ಪಿಡಿಎಫ್ ಒಂದೇ. ವಿನ್ಯಾಸ ಮಾಡಿದವನ ಯಂತ್ರ ಸುಟ್ಟುಹೋಗಿತ್ತು.

"ಮುದುಕಿ ಬಿಡುಗಡೆ ಸಮಾರಂಭಕ್ಕೆ ಬರ್ತಾಳೆ ಲೆಯೊಂತಿನಾ, ಮೊದಲನೇ ಸಾಲಲ್ಲಿ ಕೂರ್ತಾಳೆ. ಪುಸ್ತಕ ತೆಗೆದು ತನ್ನ ಹೆಸರು ಹುಡುಕ್ತಾಳೆ. ನಾನು ಯಾವ ಮುಖ ಇಟ್ಕೊಂಡು ನಿಲ್ಲಲಿ? ಕೊನೇ ಅಧ್ಯಾಯದಲ್ಲಿ ಒಂದೇ ಒಂದು ವಾಕ್ಯ ಸೇರಿಸು ತಾಯಿ: 'ಮರೆತಾಗಲೆಲ್ಲ ನನ್ನನ್ನು ಕಾಪಾಡಿದ ಒಲಿಂಪಿಯಾಗೆ ನಾನು ಋಣಿ.' ಅಷ್ಟೇ."

ಲೆಯೊಂತಿನಾ ಕೂತರು. ಒಂದು ಸಾಲಿನ ಅಂತರವನ್ನು ಕುಗ್ಗಿಸಿ, ಇನ್ನೊಂದರಲ್ಲಿ ಒಡೆದ ಪದವನ್ನು ಕೂಡಿಸಿ, ಸತ್ತವನ ಒಂದು ಪದವನ್ನೂ ಕಳೆಯದೆ ಆ ವಾಕ್ಯಕ್ಕೆ ಜಾಗ ಮಾಡಿದರು. ಹಾಳೆ ಕಿಟಕಿಗೇರಿತು. ಅಧ್ಯಾಯ ಶುರುವಾದ ಕಡೆಯೇ ಶುರುವಾಗಿತ್ತು, ಮುಗಿದ ಕಡೆಯೇ ಮುಗಿದಿತ್ತು. ಬುಜೋರನೇ ಎದ್ದುಬಂದು ಬರೆದಂತಿತ್ತು. ತಿಬೇರಿಯು ಸಂತೋಷದಿಂದ ಚೀಸು ತುಂಬಿದ ಬಿಸಿ ಪ್ಲಚಿಂತಾ ತರಿಸಿದ. ಆದರೆ ಲೆಯೊಂತಿನಾ "ಕದಲಿಲ್ಲ" ಎನ್ನಲಿಲ್ಲ. ಗಾಜಿನಿಂದ ಹಾಳೆ ಇಳಿಸಿ, ತಿರುಗಿ ಕೇಳಿದರು:

"ತಿಬೇರಿಯು ಅಣ್ಣ, ಪಾಂಫಿಲ್ ಈ ಮಾತು ಯಾವತ್ತಾದ್ರೂ ಹೇಳಿದ್ರಾ?"

"ಹೇಳಬೇಕಿತ್ತು."

"ಹೇಳಬೇಕಿದ್ದದ್ದನ್ನ ನಾನು ಕೇಳಲಿಲ್ಲ."

"ಅಯ್ಯೋ, ಯಾರಿಗೆ ಗೊತ್ತಾಗುತ್ತೆ! ನಿನ್ನ ಕೈಚಳಕ ಇವತ್ತಿನವರೆಗೆ ಯಾರ ಕಣ್ಣಿಗೆ ಬಿದ್ದಿದೆ ಹೇಳು?"

"ಅದಕ್ಕೇ ಭಯ ಆಗ್ತಿರೋದು," ಎಂದರು ಲೆಯೊಂತಿನಾ, ಹಾಳೆಯನ್ನು ನಾಲ್ಕಾಗಿ ಹರಿಯುತ್ತ. "ತಪ್ಪಿದ್ರೆ ತಿದ್ತೀನಿ. ಹೆಣದ ಬಾಯಲ್ಲಿ ಮಾತು ತುರುಕಲ್ಲ."

ತಿಬೇರಿಯು ಕೂಗಾಡಿದ. ಗಲಾತ್ಸ್ ಊರಿನಲ್ಲಿ ಇದಕ್ಕಿಂತ ಒಳ್ಳೆ ಕೈಗಳಿವೆ ಎಂದ. ಕೊನೆಗೆ ಕುರ್ಚಿಯಲ್ಲಿ ಕುಸಿದು, "ಹಾಗಾದ್ರೆ ಆ ಮುದುಕಿಗೇನು ಗತಿ?" ಎಂದು ಕೇಳಿದಾಗ ಅವನ ದನಿಯಲ್ಲಿ ನಾಟಕವಿರಲಿಲ್ಲ. ಲೆಯೊಂತಿನಾ ಮೆತ್ತಗಾದರು. ಕಲಾವಿದರ ಹೆಸರುಗಳ ಪುಟ ತೆರೆದರು. ಅಲ್ಲಿ ಕಡೆಯ ಹೆಸರಿಗೂ ಕೆಳಗಿನ ಬಳ್ಳಿಯ ಚಿತ್ರಕ್ಕೂ ನಡುವೆ ಒಂದು ಸಾಲಿನಷ್ಟು ತೆರಪಿತ್ತು. ಪುಟವೆಲ್ಲ ಓರೆ ಅಕ್ಷರ. ಹೊಸ ಸಾಲಿಗೆ ಅವರು ಬೇಕೆಂದೇ ಅಧ್ಯಾಯದ ಶೀರ್ಷಿಕೆಗಳಿಂದ ನೆಟ್ಟಗಿನ ಅಕ್ಷರಗಳನ್ನು ಎರವಲು ತಂದರು. ಒಲಿಂಪಿಯಾಳ ಮನೆತನದ ಹೆಸರಿನ ಮೊದಲಕ್ಷರ, ಅಡಿಯಲ್ಲಿ ಅಲ್ಪವಿರಾಮ ತೊಟ್ಟ ನಮ್ಮ ನುಡಿಯ ದೊಡ್ಡ 'ತ್ಸ', ಪುಸ್ತಕದ ಶೀರ್ಷಿಕೆಗಳಲ್ಲಿ ಎಲ್ಲೂ ಇರಲಿಲ್ಲ. ಒಂದು ಶೀರ್ಷಿಕೆಯಿಂದ 'ತ'ವನ್ನೂ ಇನ್ನೊಂದರಿಂದ ಅಲ್ಪವಿರಾಮವನ್ನೂ ತಂದು ಒಂದರಡಿ ಒಂದನ್ನು ಕೂರಿಸಿದರು. ಸಾಲು ಹೀಗಿತ್ತು: "ಇಷ್ಟೂ ಜನರ ಮಾತನ್ನು ಕಾಪಾಡಿದವರು ಒಲಿಂಪಿಯಾ ತ್ಸರಲುಂಗಾ. ಇದನ್ನು ಸೇರಿಸಿದ್ದು ಮಂಡಳಿ."

ಪುಟದಲ್ಲಿ ಬೇರೇನೂ ಸರಿಯಲಿಲ್ಲ. ಆದರೆ ಆ ಸಾಲು ಮಾತ್ರ ದೂರದಿಂದಲೇ ಕಾಣುತ್ತಿತ್ತು.

"ತೇಪೆ ಕಾಣ್ತಿದೆಯಲ್ಲ!" ಎಂದು ತಿಬೇರಿಯು ನರಳಿದ.

"ಕಾಣಲಿ."

ಲಿಂಡನ್ ಮರಗಳ ಕೆಳಗೆ ಸಮಾರಂಭ ನಡೆದ ಸಂಜೆ ನಾನು ಬೇಕೆಂದೇ ಒಲಿಂಪಿಯಾಳ ಹಿಂದಿನ ಕುರ್ಚಿ ಹಿಡಿದಿದ್ದೆ. ಆಕೆ ನೋಯುವಳೋ, ನಲಿಯುವಳೋ ಎಂಬ ಕುತೂಹಲ ನನ್ನನ್ನು ಬಿಟ್ಟಿರಲಿಲ್ಲ. ದಪ್ಪ ಕನ್ನಡಕ ಏರಿಸಿ, ಬೆರಳನ್ನು ಹೆಸರಿನಿಂದ ಹೆಸರಿಗೆ ಇಳಿಸುತ್ತ ಬಂದವಳು ಕೊನೆಯ ಸಾಲಿನಲ್ಲಿ ನಿಂತಳು. ಮತ್ತೊಮ್ಮೆ ಓದಿಕೊಂಡಳು.

"ಇದು ಆಮೇಲೆ ಸೇರಿಸಿದ್ದು, ಅಲ್ವಾ?"

ತಿಬೇರಿಯುವಿನ ಮುಖ ಬಿಳಿಚಿತು. ಲೆಯೊಂತಿನಾ, "ಹೌದು ಒಲಿಂಪಿಯಮ್ಮ. ಅವರು ತೀರಿಕೊಂಡ ಮೇಲೆ," ಎಂದರು.

"ಒಳ್ಳೇದಾಯ್ತು," ಎಂದಳು ಮುದುಕಿ. "ಆ ಹಟಮಾರಿ ಬರೆದ ಅಂತ ತೋರಿಸಿದ್ರೆ ಪುಸ್ತಕ ತಗೊಂಡು ಹೋಗಿ ಅವನ ಗೋರಿ ಮೇಲೆ ಬಿಸಾಕಿ ಬರ್ತಿದ್ದೆ. ನಮ್ಮಿಬ್ಬರ ಜಗಳ ನಮ್ಮದು. ಅದನ್ನ ರಾಜಿ ಮಾಡಿಸೋಕೆ ನೀವ್ಯಾರು?" ಬೆರಳನ್ನು ಆ ಸಾಲಿನ ಮೇಲಿಂದ ತೆಗೆಯದೆಯೇ ಸಣ್ಣಗೆ ಹೇಳಿದಳು: "ಆದ್ರೆ ಇದು... ಇದನ್ನ ನಂಬಬಹುದು."

ಲೆಯೊಂತಿನಾ ಕೋಟಿನ ಗುಂಡಿ ಹಾಕಿಕೊಂಡು ಮನೆಗೆ ನಡೆದರು.

ತನ್ನ ಕೈಯ ಗುರುತು ಉಳಿಯದಂತೆ ದುಡಿಯುವ ಕುಲವೊಂದು ಲೋಕದಲ್ಲಿದೆ. ರಫೂ ಮಾಡುವವರು, ಬಿರುಕಿಗೆ ಬಣ್ಣ ತುಂಬುವವರು, ಪರರ ಮಾತನ್ನು ಇನ್ನೊಂದು ನುಡಿಗೆ ಸಾಗಿಸುವ ನನ್ನಂಥವರು ಎಲ್ಲ ಆ ಕುಲದವರೇ. ಕಾಣದಿರುವುದೇ ನಮ್ಮ ಹೆಮ್ಮೆಯಾದ್ದರಿಂದ ನಮ್ಮ ಸುಳ್ಳೂ ಕಾಣುವುದಿಲ್ಲ. ಕಾವಲಿಗೆ ಇನ್ನೊಬ್ಬರು ಯಾರೂ ಇಲ್ಲ. ನಮ್ಮಲ್ಲಿ ಹೆಚ್ಚಿನವರು ಹೊಲಿಗೆಯನ್ನು ಅಡಗಿಸಲು ಕಲಿಯುತ್ತಲೇ ಆಯುಷ್ಯ ಕಳೆಯುತ್ತೇವೆ. ಅದನ್ನು ಪೂರ್ತಿ ಕಲಿತ ಮೇಲೆ, ಯಾವ ಬಟ್ಟೆಯ ಮೇಲೆ ಹೊಲಿಗೆ ಎದ್ದು ಕಾಣಬೇಕೆಂಬುದನ್ನೂ ಅರಿತು, ಅಡಗಿಸಬಲ್ಲ ಕೈಯಿಂದಲೇ ಅದನ್ನು ಎತ್ತಿ ತೋರಿಸುವವರು ವಿರಳ. ಅಂಥವರು ಊರಿಗೊಬ್ಬರಿದ್ದರೆ, ಆ ಊರಿನಲ್ಲಿ ಅಚ್ಚಾದ ಮಾತಿಗೆ ಇನ್ನೂ ಒಂದಿಷ್ಟು ಮಾನವಿದೆ ಎನ್ನಬಹುದು.